ನಮ್ಮ ವಂಶದಲ್ಲಿ ಮರೆವಿನ ಕಾಯಿಲೆ ಇದೆಯಾ? ನೀವೇ ಲೆಕ್ಕ ಹಾಕುವ ಬಗೆ

ಮೊದಲು ಒಂದು ದೊಡ್ಡ ಹಾಳೆ ತಗೊಳ್ಳಿ. ಹಳೇ ಕ್ಯಾಲೆಂಡರಿನ ಹಿಂಭಾಗ ಆದರೂ ಆಯಿತು. ಜೀನ್ ಟೆಸ್ಟಿನ ಮಾತು ಆಮೇಲೆ.

ನಾನು ಹಾಸನದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಿಯಾದವಳು. ಅಮ್ಮನಿಗೆ 76ರ ಸುಮಾರಿಗೆ ಅಲ್ಜೈಮರ್ (ಡಿಮೆನ್ಶಿಯಾ ಅನ್ನುವ ಮರೆವಿನ ಕಾಯಿಲೆಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು) ಶುರುವಾಯಿತು, ದೊಡ್ಡಮ್ಮನಿಗೆ ಇನ್ನೂ ಸ್ವಲ್ಪ ತಡವಾಗಿ. ಆಗಿನಿಂದ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಕನ್ನಡಕ ಎಲ್ಲಿಟ್ಟೆ ಅಂತ ಮರೆತರೂ ಸಾಕು, 'ನಮಗೂ ಬರುತ್ತಾ?' ಅನ್ನುವ ಪ್ರಶ್ನೆ ನನ್ನ ಹತ್ತಿರವೇ ಬರುತ್ತದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಹಾಳೆಯಲ್ಲಿ ಮೂರು ತಲೆಮಾರು ಬರಬೇಕು. ಅಪ್ಪನ ಕಡೆ, ಅಮ್ಮನ ಕಡೆ ಎರಡೂ. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ. ತೀರಿಕೊಂಡವರ ಮೇಲೆ ಒಂದು ಓರೆ ಗೆರೆ. ಮರೆವು ಬಂದವರ ಗುರುತನ್ನು ಪೂರ್ತಿ ಕಪ್ಪು ಮಾಡಿ. ನಮ್ಮ ಕಡೆ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವುದು ಮಾಮೂಲಿ ಅಲ್ವಾ? ಅಂಥ ಜೋಡಿಗೆ ಜೋಡಿ ಗೆರೆ ಎಳೆಯಿರಿ. ಅದು ಯಾಕೆ ಬೇಕು ಅಂತ ಮುಂದೆ ಗೊತ್ತಾಗುತ್ತದೆ.

ಪ್ರತಿಯೊಬ್ಬರ ಪಕ್ಕದಲ್ಲಿ ಎರಡು ವಯಸ್ಸು ಬರೆಯಿರಿ: ಕಾಯಿಲೆ ಶುರುವಾದಾಗಿನದು, ತೀರಿಕೊಂಡಾಗಿನದು. ಇಡೀ ಹಾಳೆಯಲ್ಲಿ ಡಾಕ್ಟರಿಗೆ ಎಲ್ಲಕ್ಕಿಂತ ಜಾಸ್ತಿ ಬೇಕಾಗುವುದು ಮೊದಲನೆಯ ಅಂಕಿ. ಎರಡನೆಯದೂ ಮುಖ್ಯವೇ. 52ಕ್ಕೆ ಹೃದಯಾಘಾತದಲ್ಲಿ ಹೋದ ತಾತನಿಗೆ ಮರೆವು ಇರಲಿಲ್ಲ ಅಂದರೆ ಏನೂ ತಿಳಿಯುವುದಿಲ್ಲ, ಅವರು ಆ ವಯಸ್ಸಿಗೆ ಬರಲೇ ಇಲ್ಲ.

ಈ ವಿಷಯ ಕೇಳುವುದಕ್ಕೂ ಒಂದು ಕ್ರಮ ಇದೆ. 'ಅಜ್ಜಿಗೆ ಡಿಮೆನ್ಶಿಯಾ ಇತ್ತಾ?' ಅಂತ ಕೇಳಿದರೆ ಇಲ್ಲ ಅಂತಲೇ ಉತ್ತರ ಬರುತ್ತದೆ. ನಾನು ಮಾವನನ್ನು ಕೇಳಿದಾಗ, 'ಏನೂ ಇರಲಿಲ್ಲ ಕಣೇ, ಕೊನೇವರೆಗೂ ಗಟ್ಟಿಯಾಗಿದ್ರು' ಅಂದರು. ಅಡುಗೆಮನೆಯಿಂದ ಅತ್ತೆಯ ದನಿ ಬಂತು: 'ಗಟ್ಟಿಯಂತೆ! ಉಂಡು ಕೈ ತೊಳೆದು, ನಮ್ಮ ಸೊಸೆ ಇನ್ನೂ ಊಟ ಹಾಕಿಲ್ಲ ಅಂತ ಪಕ್ಕದ ಮನೆಗೆ ಹೋಗಿ ಹೇಳ್ತಿದ್ರು. ನಾನು ಎಷ್ಟು ಅತ್ತಿದ್ದೀನಿ ಗೊತ್ತಾ?' ಆದ್ದರಿಂದ ಸೊಸೆಯಂದಿರನ್ನು ಕೇಳಿ. ಕಾಯಿಲೆಯ ಹೆಸರು ಎತ್ತಬೇಡಿ, ನಡವಳಿಕೆ ಕೇಳಿ. ದುಡ್ಡು ಎಣಿಸಲು ತಡವರಿಸುತ್ತಿದ್ದರಾ? ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತಾ? ದೇವಸ್ಥಾನದಿಂದ ಮನೆಗೆ ಬರುವ ದಾರಿ ತಪ್ಪಿದ್ದುಂಟಾ? ವಯಸ್ಸು ನೆನಪಿಲ್ಲದಿದ್ದರೆ, 'ಯಾರ ಮದುವೆ ಹೊತ್ತಿಗೆ ಶುರುವಾಗಿತ್ತು?' ಅಂತ ಕೇಳಿದರೆ ವರ್ಷ ಸಿಕ್ಕಿಬಿಡುತ್ತದೆ.

ಇನ್ನು ಹಾಳೆಯನ್ನು ಓದುವುದು. ಕಾಯಿಲೆ ಶುರುವಾದ ವಯಸ್ಸಿಗೆ 65 ಅನ್ನುವ ಅಂಕಿಯನ್ನು ಗಡಿ ಅಂದುಕೊಳ್ಳಿ. ಪ್ರತಿ ತಲೆಮಾರಿನಲ್ಲೂ ಒಬ್ಬರಿಗಾದರೂ ಮೂವತ್ತು, ನಲವತ್ತು, ಐವತ್ತರ ವಯಸ್ಸಿನಲ್ಲೇ ಮರೆವು ಬಂದಿದ್ದರೆ ಆ ಕಥೆಯೇ ಬೇರೆ. ಎಪಿಪಿ, ಪ್ರೆಸೆನಿಲಿನ್-1, ಪ್ರೆಸೆನಿಲಿನ್-2 ಎಂಬ ಮೂರು ಜೀನ್‌ಗಳಲ್ಲಿ ಒಂದು ಕೆಟ್ಟಿರಬಹುದು. ಅಪ್ಪನಿಗೋ ಅಮ್ಮನಿಗೋ ಅದು ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ, ಬಂದರೆ ಕಾಯಿಲೆ ಹೆಚ್ಚುಕಡಿಮೆ ಖಚಿತ. ಆದರೆ ಇದು ತೀರಾ ಅಪರೂಪ, ಅಲ್ಜೈಮರ್ ಬಂದ ನೂರು ಜನರಲ್ಲಿ ಒಬ್ಬರಿಗೂ ಇರುವುದಿಲ್ಲ. ಮರೆವಿಗಿಂತ ಮೊದಲು ಸ್ವಭಾವವೇ ಬದಲಾದವರು ಅಥವಾ ಕೈಕಾಲಿನ ಸ್ನಾಯು ಸೊರಗಿದವರು ಮನೆತನದಲ್ಲಿದ್ದರೆ ಅದನ್ನೂ ಬರೆದಿಡಿ. ಅದು ಇನ್ನೊಂದು ಬಗೆಯ ಡಿಮೆನ್ಶಿಯಾದ ಸುಳಿವು ಆಗಬಹುದು.

ಕಪ್ಪು ಗುರುತುಗಳೆಲ್ಲ 70, 75, 80ರ ಪಕ್ಕದಲ್ಲೇ ಇದ್ದರೆ ನಮ್ಮದು ಬಹುಪಾಲು ಮನೆಗಳ ಹಾಗೇ. ಇಲ್ಲಿ ದೊಡ್ಡ ಹೆಸರು ಎಪಿಒಇ (APOE). ಇದು 19ನೇ ವರ್ಣತಂತುವಿನಲ್ಲಿ (ಕ್ರೋಮೋಸೋಮ್) ಇರುವ ಜೀನ್. ಕೊಲೆಸ್ಟ್ರಾಲ್ ಸಾಗಿಸುವ ಒಂದು ಪ್ರೋಟೀನನ್ನು ತಯಾರಿಸುತ್ತದೆ. ಇದಕ್ಕೂ ಅಲ್ಜೈಮರ್‌ಗೂ ನಂಟಿದೆ ಎಂದು 1993ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ತೋರಿಸಿದರು. ಇದರಲ್ಲಿ ಇ2, ಇ3, ಇ4 ಅಂತ ಮೂರು ಬಗೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ನಮಗೆ ಬರುತ್ತದೆ. ಇ3 ಸಾಮಾನ್ಯ, ಇ2 ಸ್ವಲ್ಪ ಕಾಪಾಡುತ್ತದೆ, ಇ4 ಅಪಾಯ ಹೆಚ್ಚಿಸುತ್ತದೆ. ಒಂದು ಇ4 ಇದ್ದರೆ ಅಪಾಯ ಸುಮಾರು ಎರಡರಿಂದ ಮೂರು ಪಟ್ಟು. ಎರಡೂ ಇ4 ಆದರೆ ಎಂಟರಿಂದ ಹನ್ನೆರಡು ಪಟ್ಟು. ಜೋಡಿ ಗೆರೆ ಬೇಕಾಗುವುದು ಇಲ್ಲೇ. ಸಂಬಂಧದೊಳಗೆ ಮದುವೆಯಾದಾಗ ಒಂದೇ ಅಜ್ಜಿಯ ಇ4 ಎರಡೂ ಕಡೆಯಿಂದ ಮಗುವಿಗೆ ಬರುವ ಸಾಧ್ಯತೆ ಜಾಸ್ತಿ.

ಆದರೆ ಈ 'ಪಟ್ಟು'ಗಳ ಲೆಕ್ಕ ಹೆಚ್ಚಾಗಿ ಯುರೋಪ್ ಮೂಲದವರದ್ದು. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ನಡೆದ ಅಧ್ಯಯನದಲ್ಲಿ ಇ4 ಇರುವವರು ಅಮೆರಿಕಕ್ಕಿಂತ ಕಡಿಮೆ ಸಿಕ್ಕರು. ಇ4 ಇದ್ದೂ 90ರವರೆಗೆ ಚುರುಕಾಗಿರುವವರಿದ್ದಾರೆ. ಇಲ್ಲದೆಯೂ ಕಾಯಿಲೆ ಬಂದವರಿದ್ದಾರೆ.

ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗ ಕೊಳವೆಯಲ್ಲಿ ಜೊಲ್ಲು ಕಳಿಸಿ ಟೆಸ್ಟ್ ಮಾಡಿಸಿದ. 'ಚಿಕ್ಕಮ್ಮ, ಈ ಅಕ್ಷರಗಳ ಅರ್ಥ ಏನು?' ಅಂತ ಫೈಲ್ ಕಳಿಸಿದ. ನೋಡಬೇಕಾದ್ದು ಎರಡೇ ಸಾಲು. 'ಆರ್‌ಎಸ್' (rs) ಅಂತ ಶುರುವಾಗುವ ಅಂಕಿ ಡಿಎನ್‌ಎಯ ಒಂದು ಜಾಗದ ಗುರುತು, ಎದುರಿನ ಎರಡು ಅಕ್ಷರ ಅಲ್ಲಿ ನಮ್ಮಲ್ಲಿರುವುದು. ಆರ್‌ಎಸ್429358 ಎದುರು ಟಿಟಿ, ಆರ್‌ಎಸ್7412 ಎದುರು ಸಿಸಿ ಇದ್ದರೆ ಎರಡೂ ಇ3. ಮೊದಲನೆಯದು ಸಿಟಿ, ಎರಡನೆಯದು ಸಿಸಿ ಇದ್ದರೆ ಒಂದು ಇ3, ಒಂದು ಇ4. ಎರಡೂ ಸಾಲಿನಲ್ಲಿ ಸಿಸಿ ಅಂದರೆ ಎರಡೂ ಇ4. ಅವನದು ನಡುವಿನದ್ದು. ಇಂಥ ಕಚ್ಚಾ ಫೈಲ್‌ಗಳಲ್ಲಿ ತಪ್ಪು ನುಸುಳುತ್ತದೆ, ಹಾಗಾಗಿ ಆಸ್ಪತ್ರೆಯ ಲ್ಯಾಬಿನಲ್ಲಿ ಇನ್ನೊಮ್ಮೆ ನೋಡಿಸದೆ ನಂಬಬೇಡ ಅಂದೆ. ಇನ್ನೊಂದು ವಿಷಯವನ್ನೂ ಹೇಳಿದೆ: ಅವನಲ್ಲಿ ಇ4 ಇದೆ ಅಂದರೆ ನಮ್ಮ ಅಕ್ಕನಲ್ಲೋ ಭಾವನಲ್ಲೋ ಇರಲೇಬೇಕು. ಅವರಿಬ್ಬರೂ ಇದನ್ನು ಕೇಳಿರಲಿಲ್ಲ. ಟೆಸ್ಟಿಗೆ ಮುಂಚೆ ಒಡಹುಟ್ಟಿದವರು, ಅಪ್ಪ ಅಮ್ಮನ ಜೊತೆ ಒಂದು ಮಾತು ಆಡಬೇಕು ಅನ್ನುವುದು ಇದಕ್ಕೇ.

ನಾನು ಟೆಸ್ಟ್ ಮಾಡಿಸಿಲ್ಲ, ಮಾಡಿಸುವುದೂ ಇಲ್ಲ. ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ 2007ರಲ್ಲಿ ತಮ್ಮ ಇಡೀ ಜೀನೋಮ್ (ಅಂದರೆ ಪೂರ್ತಿ ಡಿಎನ್‌ಎ) ಓದಿಸಿಕೊಂಡರು, ಆದರೆ ಎಪಿಒಇ ಮಾತ್ರ ತನಗೆ ಹೇಳಬೇಡಿ ಅಂದರು. ಅವರ ಅಜ್ಜಿಗೆ ಅಲ್ಜೈಮರ್ ಇತ್ತು. ನನಗೂ ಅಷ್ಟೇ, ಇ4 ಇದೆ ಅಂತ ಗೊತ್ತಾದರೆ ನಾಳೆಯಿಂದ ಬೇರೆ ಏನು ಮಾಡುತ್ತೇನೆ? ಬಿಪಿ ಮಾತ್ರೆ ಹೇಗೂ ನುಂಗುತ್ತಿದ್ದೇನೆ. ಒಂದು ಸಂದರ್ಭದಲ್ಲಿ ಮಾತ್ರ ಎಪಿಒಇ ಟೆಸ್ಟ್ ನಿಜವಾಗಿ ಬೇಕು. ಕಾಯಿಲೆ ಆರಂಭದಲ್ಲಿರುವವರಿಗೆ ಲೆಕಾನೆಮ್ಯಾಬ್‌ನಂಥ ಹೊಸ ಔಷಧ ಕೊಡುವ ಮಾತು ಬಂದಾಗ. ಎರಡು ಇ4 ಇದ್ದವರಿಗೆ ಅದರಿಂದ ಮೆದುಳಿನಲ್ಲಿ ಊತ, ರಕ್ತಸ್ರಾವದ ಅಪಾಯ ಜಾಸ್ತಿ. ಚಿಕ್ಕ ಮಕ್ಕಳಿಗಂತೂ ಈ ಟೆಸ್ಟ್ ಬೇಡವೇ ಬೇಡ.

ಜೀನ್ ಬದಲಿಸಲು ಆಗುವುದಿಲ್ಲ, ಉಳಿದದ್ದು ಬೇಕಾದಷ್ಟಿದೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ 2024ರ ವರದಿ 14 ಕಾರಣಗಳನ್ನು ಪಟ್ಟಿ ಮಾಡಿತು. ಅವನ್ನೆಲ್ಲ ಸರಿಮಾಡಿದರೆ ಸುಮಾರು 45 ಶೇಕಡಾ ಡಿಮೆನ್ಶಿಯಾ ತಪ್ಪಿಸಬಹುದು ಅಥವಾ ಮುಂದೂಡಬಹುದು ಅಂತ ಲೆಕ್ಕ. ಬಿಪಿ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟ್ರಾಲ್, ಬೀಡಿ ಸಿಗರೇಟು, ಒಂಟಿತನ ಎಲ್ಲ ಅದರಲ್ಲಿವೆ. ನಮ್ಮವರು ಲೆಕ್ಕಕ್ಕೇ ತಗೊಳ್ಳದ್ದು ಕಿವಿ. 'ವಯಸ್ಸಾಯ್ತು, ಕೇಳಿಸಲ್ಲ' ಅಂತ ಸುಮ್ನೆ ಬಿಟ್ಟುಬಿಡುತ್ತಾರೆ. ಕಿವಿಯ ಮಿಷನ್‌ಗೆ ದುಡ್ಡು ಹಾಕಿ, ಜೀನ್ ಟೆಸ್ಟಿಗೆ ಹಾಕುವುದಕ್ಕಿಂತ ಅದು ವಾಸಿ.

ಈಗಾಗಲೇ ಯಾರಿಗಾದರೂ ಮರೆವು ಕಾಣಿಸಿದ್ದರೆ ಮೊದಲು ಬಿ12 ಮತ್ತು ಥೈರಾಯ್ಡ್ ನೋಡಿಸಿ. ಮಾಂಸ ತಿನ್ನದ ಮನೆಗಳಲ್ಲಿ ಬಿ12 ಕೊರತೆ ಮಾಮೂಲಿ, ಇಂಜೆಕ್ಷನ್‌ನಿಂದ ಸರಿಹೋಗುವ ಮರೆವನ್ನು ವಂಶದ ತಲೆಗೆ ಕಟ್ಟಬಾರದು. ಖಿನ್ನತೆಯೂ ಮರೆವಿನ ವೇಷದಲ್ಲಿ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಕ್ಲಿನಿಕ್ ಇದೆ. ಹೋಗುವಾಗ ಆ ಹಾಳೆ, ನುಂಗುವ ಎಲ್ಲ ಮಾತ್ರೆಗಳ ಚೀಟಿ, ಜೊತೆಗೆ ದಿನವೂ ಅವರ ಜೊತೆಯಲ್ಲೇ ಇರುವವರನ್ನು ಕರೆದುಕೊಂಡು ಹೋಗಿ. ಊರಿಂದ ವರ್ಷಕ್ಕೊಮ್ಮೆ ಬರುವ ಮಗ ಒಬ್ಬನೇ ಹೋದರೆ ಡಾಕ್ಟರ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ. ಎಲ್ಲಿಗೆ ಹೋಗಬೇಕು ಅಂತಲೇ ಗೊತ್ತಾಗದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ ಕೇಳಿ.