ರಬ್ಬರ್ ಗುಡ್ಡೆಗೆ ಎರಡನೇ ಸಲ ಗಿಡ ಇಟ್ಟಾಗ

ನಮ್ಮದು ಕಾಸರಗೋಡು ಕಡೆಯ ಪೆರ್ಲದ ಹತ್ತಿರ. ಕೆಳಗೆ ಅಡಿಕೆ ತೋಟ, ಮೇಲೆ ಮೂರು ಎಕರೆ ರಬ್ಬರ್ ಗುಡ್ಡೆ. ಅಪ್ಪ ಮೊದಲ ಸಲ ರಬ್ಬರ್ ಇಟ್ಟಾಗ ಕಾಡೆಲ್ಲ ಕಡಿದು ಬೆಂಕಿ ಕೊಟ್ಟಿದ್ದರು, ಆಗ ಎಲ್ಲರೂ ಹಾಗೇ ಅಲ್ವಾ. ಆ ಮಳೆಗಾಲ ಕೆಂಪು ನೀರು ನೇರ ಅಡಿಕೆ ತೋಟಕ್ಕಿಳಿದು ನೀರು ಹರಿಯುವ ಕಣಿ ಪೂರ್ತಿ ಮುಚ್ಚಿತು. ಹಾರೆ ಹಿಡಿದು ಬಿಡಿಸಿದವರಲ್ಲಿ ನಾನೂ ಒಬ್ಬ. ಈಗ ಗುಡ್ಡೆಯ ತಲೆಯಲ್ಲಿ ಒಂದು ಗೇಣು ಮಣ್ಣು, ಅದರಡಿ ಬರೀ ಮುರಕಲ್ಲು, ಅಂದರೆ ಜಂಬಿಟ್ಟಿಗೆ.

ಹಾಗಾಗಿ ಹಳೇ ರಬ್ಬರ್ ಮರ ಮಾರಿದ ಮೇಲೆ ಬೆಂಕಿ ಹಾಕಲಿಲ್ಲ. ದಿಮ್ಮಿ, ಸೌದೆ ವ್ಯಾಪಾರಿ ಒಯ್ದರು. ಸೊಪ್ಪು, ಸಣ್ಣ ಗೆಲ್ಲು ಇಳಿಜಾರಿಗೆ ಅಡ್ಡವಾಗಿ ಸಾಲು ಹಾಕಿದೆವು. ನೆರೆಮನೆಯ ಭಾವ, "ಕಸ ಇಟ್ಟುಕೊಂಡು ರಬ್ಬರ್ ಮಾಡ್ತೀರಾ ಮಾರಾಯ್ರೆ?" ಅಂತ ನಕ್ಕರು.

ಗಿಡ ಇಡಲು ಇಳಿಜಾರಿಗೆ ಅಡ್ಡವಾಗಿ ಮೆಟ್ಟಿಲಿನಂಥ ತಟ್ಟು ಮಾಡಲು ಜೇಸಿಬಿ ಕರೆಸುವ ಮೊದಲು ಗುರುತು ನಾವೇ ಹಾಕಿದೆವು. ಎರಡು ಬಿದಿರಿನ ತುದಿ ಸೇರಿಸಿ ಕಟ್ಟಿ, ನಡುವೆ ಒಂದು ಅಡ್ಡಪಟ್ಟಿ, ತುದಿಯಿಂದ ಹಗ್ಗದಲ್ಲಿ ಒಂದು ಕಲ್ಲು. ಹಗ್ಗ ಪಟ್ಟಿಯ ನಡುವಿನ ಗುರುತಿಗೆ ಬಂದು ನಿಂತರೆ ಎರಡು ಕಾಲೂ ಒಂದೇ ಮಟ್ಟ, ಅಲ್ಲಿ ಗೂಟ ಹೊಡೆಯುವುದು, ಒಂದು ಕಾಲು ತಿರುಗಿಸಿ ಮುಂದಕ್ಕೆ ಹೋಗುವುದು. ಗಾಳಿ ಬಂದರೆ ಕಲ್ಲು ಓಲಾಡುತ್ತದೆ, ಬೆಳಗ್ಗೆಯೇ ಮಾಡಿ. ತಟ್ಟು ಗುಡ್ಡೆಯ ಕಡೆಗೇ ಸ್ವಲ್ಪ ವಾಲಿರಬೇಕು. ಇದನ್ನು ಜೇಸಿಬಿಯವನಿಗೆ ಹೇಳಿ ಹೇಳಿ ಸಾಕಾಯಿತು.

ಗಿಡದ ಸಾಲುಗಳ ನಡುವೆ ಇಂಗುಗುಂಡಿ: ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡೂವರೆ ಅಡಿ ಆಳ. ಒಂದರ ನೇರ ಕೆಳಗೆ ಇನ್ನೊಂದು ಬೇಡ, ಎಡೆ ಬಿಟ್ಟು ತೆಗೆಯಿರಿ. ಮುರಕಲ್ಲು ಸಿಕ್ಕಿದಲ್ಲಿ ನಾನು ಎರಡೇ ಅಡಿಗೆ ಬಿಟ್ಟೆ, ಕೂಲಿ ಕೊಟ್ಟು ಕಲ್ಲು ಒಡೆಸಲು ಮನಸ್ಸು ಬರಲಿಲ್ಲ.

ನೆಲ ಮುಚ್ಚಲು ಮುಕುನಾ ಬಳ್ಳಿ ಹಾಕಿದೆ. ದನ ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ, ಬೇಸಿಗೆಗೂ ಒಣಗುವುದಿಲ್ಲ, ದ್ವಿದಳವಾದ್ದರಿಂದ ಸಾರಜನಕವೂ ಸಿಗುತ್ತದೆ. ಆದರೆ ನಾನು ಎಡವಿದ್ದೂ ಇಲ್ಲೇ. ಎರಡನೇ ಮಳೆಗಾಲ ಮದುವೆ ಓಡಾಟದಲ್ಲಿ ಇಪ್ಪತ್ತು ದಿನ ಗುಡ್ಡೆ ಹತ್ತಲಿಲ್ಲ. ಹೋಗಿ ನೋಡಿದರೆ ರಬ್ಬರ್ ಗಿಡವೇ ಕಾಣುವುದಿಲ್ಲ! ಬಳ್ಳಿ ಸುತ್ತಿ ತಲೆ ಬಗ್ಗಿಸಿತ್ತು, ಹನ್ನೊಂದು ಗಿಡ ಮುರಿದೇ ಹೋಗಿತ್ತು. ಈಗ ಮಳೆಗಾಲದಲ್ಲಿ ವಾರಕ್ಕೊಮ್ಮೆ ಕತ್ತಿ ಹಿಡಿದು ಹೋಗಿ ಪ್ರತಿ ಬುಡದಿಂದ ಮೂರಡಿ ಬಳ್ಳಿ ಎಳೆದು ಹಾಕುತ್ತೇನೆ. ಬಿಡುವಿಲ್ಲದವರು ಈ ಬಳ್ಳಿಯ ಸಹವಾಸಕ್ಕೆ ಹೋಗಬೇಡಿ.

ಗುಂಡಿಗಳಲ್ಲಿ ಮೊದಲ ವರ್ಷ ಅರ್ಧಕ್ಕರ್ಧ ಹೂಳು ಇತ್ತು. ಈ ವರ್ಷ ಮೇ ಕೊನೆಗೆ ಬರುವ ಪತ್ತನಾಜೆಗೆ ಮುಂಚೆ ತೆಗೆದಾಗ ಸಿಕ್ಕಿದ್ದು ಜಾಸ್ತಿ ಕೊಳೆತ ಎಲೆಯೇ, ಕಪ್ಪಗೆ, ಎರೆಹುಳ ಸಮೇತ. ಅದನ್ನು ಬುಟ್ಟಿಯಲ್ಲಿ ತುಂಬಿ ಗುಡ್ಡೆಯ ತಲೆಯ ಗಿಡಗಳ ಬುಡಕ್ಕೆ ಹೊತ್ತೆವು.