ಸ್ಫೋಟಕ ಪತ್ತೆ ಹಚ್ಚುವ ಬೆಳಕಿನ ತತ್ವ: ಕ್ವಿನೈನ್ ಮತ್ತು ಉಪ್ಪಿನಿಂದ ಕಲಿಯುವುದು

ಟಿಎನ್‌ಟಿಯಂಥ ನೈಟ್ರೋ ಸ್ಫೋಟಕದ ಆವಿ ತಾಗಿದರೆ ಹೊಳೆಯುವ ಪಾಲಿಮರ್ ಪದರ ಮಂಕಾಗುತ್ತದೆ. ಬೆಳಕು ಹೀರಿ ಉದ್ರೇಕಗೊಂಡ ಪಾಲಿಮರ್‌ನ ಎಲೆಕ್ಟ್ರಾನನ್ನು ಸ್ಫೋಟಕದ ಅಣು ಸೆಳೆದುಕೊಳ್ಳುವುದೇ ಕಾರಣ. ಅಮೆರಿಕದ ಎಂಐಟಿಯ ರಸಾಯನ ವಿಜ್ಞಾನಿ ತಿಮೊಥಿ ಸ್ವೇಗರ್ ತಂಡ 1990ರ ದಶಕದಲ್ಲಿ ರೂಪಿಸಿದ ಪಾಲಿಮರ್‌ಗಳಲ್ಲಿ ಒಂದೇ ಅಣು ಅಂಟಿದರೂ ಸರಪಳಿಯ ಉದ್ದಕ್ಕೂ ಹೊಳಪು ಆರುತ್ತದೆ. ಹೀಗೆ ಹೊಳಪು ಆರುವುದಕ್ಕೆ ಕ್ವೆಂಚಿಂಗ್ ಎನ್ನುತ್ತಾರೆ. ಬಿಎಸ್ಸಿ ಲ್ಯಾಬಿನಲ್ಲಿ ಇದನ್ನು ಕಲಿಯಲು ಸ್ಫೋಟಕ ಬೇಕಿಲ್ಲ, ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುವ ಕ್ವಿನೈನ್ ಮತ್ತು ಆ ಹೊಳಪನ್ನು ಆರಿಸುವ ಉಪ್ಪು ಸಾಕು.

ಮೊದಲು ನೀರು ನೋಡಿಕೊಳ್ಳಿ. ಗದಗ, ರೋಣದ ಕಡೆ ಬೋರ್‌ವೆಲ್ ನೀರು ಸವಳಿದ್ದರೆ ಪ್ರಯೋಗ ಶುರುವಾಗುವ ಮುಂಚೆಯೇ ಕೆಡುತ್ತದೆ, ಏಕೆಂದರೆ ಕ್ಲೋರೈಡೇ ಇಲ್ಲಿ ಹೊಳಪು ನುಂಗುವ ವಸ್ತು. ಲೀಟರಿಗೆ 250 ಮಿಲಿಗ್ರಾಂ ಕ್ಲೋರೈಡ್ ಎಂದರೆ ಸುಮಾರು 7 ಮಿಲಿಮೋಲಾರ್. ಅಷ್ಟಕ್ಕೇ ಬೆಳಕು ಎದ್ದು ಕಾಣುವಷ್ಟು ಇಳಿಯುತ್ತದೆ. ಡಿಸ್ಟಿಲ್ಡ್ ವಾಟರ್ ಬಳಸಿ. ಅದಕ್ಕೂ ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿ ನೋಡಿ, ಬಿಳಿ ಮಬ್ಬು ಬಂದರೆ ಆ ಕ್ಯಾನ್ ಬೇಡ.

1 ಲೀಟರ್ ನೀರಿಗೆ 2.8 ಮಿ.ಲೀ. ಸಾಂದ್ರ ಸಲ್ಫ್ಯೂರಿಕ್ ಆಮ್ಲವನ್ನು ನಿಧಾನಕ್ಕೆ ಬೆರೆಸಿ. ಆಮ್ಲವನ್ನೇ ನೀರಿಗೆ ಹಾಕಬೇಕು, ಕನ್ನಡಕ, ಕೈಗವಸು ಇರಲಿ. ಹೈಡ್ರೋಕ್ಲೋರಿಕ್ ಆಮ್ಲ ಬಳಸಿದರೆ ಅದರ ಕ್ಲೋರೈಡಿಗೇ ಹೊಳಪು ಹೋಗುತ್ತದೆ. ಈ ಆಮ್ಲದ್ರಾವಣದ 500 ಮಿ.ಲೀ.ಯಲ್ಲಿ 10 ಮಿಲಿಗ್ರಾಂ ಕ್ವಿನೈನ್ ಸಲ್ಫೇಟ್ ಕರಗಿಸಿ. ಇನ್ನೊಂದು 100 ಮಿ.ಲೀ.ಗೆ 0.585 ಗ್ರಾಂ ಸೋಡಿಯಂ ಕ್ಲೋರೈಡ್, ಮತ್ತೊಂದು 100 ಮಿ.ಲೀ.ಗೆ 1.42 ಗ್ರಾಂ ನಿರ್ಜಲ ಸೋಡಿಯಂ ಸಲ್ಫೇಟ್.

ಐದು ಟೆಸ್ಟ್‌ಟ್ಯೂಬ್‌ಗಳಿಗೆ ತಲಾ 5 ಮಿ.ಲೀ. ಕ್ವಿನೈನ್ ದ್ರಾವಣ ಹಾಕಿ. ಮೊದಲ ನಾಲ್ಕಕ್ಕೆ ಉಪ್ಪಿನ ದ್ರಾವಣ ಕ್ರಮವಾಗಿ 0, 1, 2, 4 ಮಿ.ಲೀ. ಸೇರಿಸಿ, ಉಳಿದದ್ದನ್ನು ಬರೀ ಆಮ್ಲದ್ರಾವಣದಿಂದ 10 ಮಿ.ಲೀ.ಗೆ ತುಂಬಿ. ಐದನೆಯದಕ್ಕೆ ಉಪ್ಪಿನ ಬದಲು 4 ಮಿ.ಲೀ. ಸಲ್ಫೇಟ್ ಹಾಕಿ ಹಾಗೆಯೇ 10 ಮಿ.ಲೀ.ಗೆ ತುಂಬಿ, ಹೊಳಪು ಆರಿಸುವುದು ಸೋಡಿಯಂ ಅಲ್ಲ, ಕ್ಲೋರೈಡ್ ಎಂದು ನೋಡಲು ಇದು. ಕತ್ತಲೆಯಲ್ಲಿ 365 ನ್ಯಾನೋಮೀಟರ್ ಅತಿನೇರಳೆ (ಯುವಿ) ಟಾರ್ಚ್ ಹಿಡಿಯಿರಿ, ಕಣ್ಣಿಗೆ ಬೀಳದಂತೆ. ಮೊದಲಿನದು ಗಾಢ ನೀಲಿ, ಎರಡನೆಯದು ಸುಮಾರು ಅರ್ಧಕ್ಕೆ ಇಳಿದಿರುತ್ತದೆ, ನಾಲ್ಕನೆಯದರಲ್ಲಿ ಮಸುಕು ಮಾತ್ರ. ಸಲ್ಫೇಟಿನದು ಮೊದಲಿನಂತೆಯೇ ಹೊಳೆಯಬೇಕು. ಅದೂ ಮಂಕಾದರೆ ಪಿಪೆಟ್ ತೊಳೆದು ಹೊಸದಾಗಿ ಮಾಡಿ.

ಮೊಬೈಲಿನಲ್ಲಿ ಫೋಟೋ ತೆಗೆಯುವುದಾದರೆ ಎಕ್ಸ್‌ಪೋಷರ್ ಲಾಕ್ ಮಾಡಿ, ಇಲ್ಲದಿದ್ದರೆ ಕ್ಯಾಮೆರಾ ಮಂಕಾದ ಟ್ಯೂಬನ್ನೂ ಬೆಳಗಿಸಿ ತೋರಿಸುತ್ತದೆ. ಹೊಳಪನ್ನು ಅಂಕಿಯಲ್ಲಿ ಅಳೆಯುವ ಸ್ಪೆಕ್ಟ್ರೋಫ್ಲೋರೋಮೀಟರ್ ಸಿಕ್ಕರೆ 350ರಲ್ಲಿ ಉದ್ರೇಕಿಸಿ 450 ನ್ಯಾನೋಮೀಟರಿನಲ್ಲಿ ಅಳೆಯಿರಿ. ಉಪ್ಪಿಲ್ಲದ ಟ್ಯೂಬಿನ ಓದನ್ನು ಉಪ್ಪಿದ್ದುದರ ಓದಿನಿಂದ ಭಾಗಿಸಿ, ಕ್ಲೋರೈಡಿನ ಸಾಂದ್ರತೆಯ ಎದುರು ಗ್ರಾಫ್ ಹಾಕಿದರೆ 1ರಿಂದ ಏರುವ ನೇರ ರೇಖೆ ಬರುತ್ತದೆ, ಇದಕ್ಕೆ ಸ್ಟರ್ನ್-ವೋಲ್ಮರ್ ರೇಖೆ ಎನ್ನುತ್ತಾರೆ.

ಇಷ್ಟಾದ ಮೇಲೆ ಇನ್ನೊಂದು ಪರೀಕ್ಷೆ ತಪ್ಪದೇ ಮಾಡಿ, ನಮ್ಮ ಲೆಕ್ಕದಲ್ಲಿ ಇದೇ ಮುಖ್ಯ. ಟಾರ್ಚ್ ಮತ್ತು ಹೊಳೆಯುವ ಟ್ಯೂಬಿನ ನಡುವೆ ಚಹಾ ಡಿಕಾಕ್ಷನ್ ತುಂಬಿದ ಟ್ಯೂಬ್ ಹಿಡಿಯಿರಿ. ಒಂದಕ್ಕೊಂದು ಬೆರೆಯದೆಯೇ ಹೊಳಪು ಇಳಿಯುತ್ತದೆ. ಇಲ್ಲಿ ಆದದ್ದು ಕ್ವೆಂಚಿಂಗ್ ಅಲ್ಲ, ಟಾರ್ಚಿನ ಕಿರಣವನ್ನು ಚಹಾ ದಾರಿಯಲ್ಲೇ ಹೀರಿಕೊಂಡಿದೆ. ಟಿಎನ್‌ಟಿಯಂತೆಯೇ ನೈಟ್ರೋ ಸ್ಫೋಟಕವಾದ ಹಳದಿ ಪಿಕ್ರಿಕ್ ಆಮ್ಲವೂ 355 ನ್ಯಾನೋಮೀಟರಿನ ಆಸುಪಾಸಿನಲ್ಲಿ ಬೆಳಕನ್ನು ಜೋರಾಗಿ ಹೀರುವುದರಿಂದ ಅದಕ್ಕೆಂದು ಮಾಡಿದ ಸೆನ್ಸರ್‌ಗಳ ಫಲಿತಾಂಶಗಳಲ್ಲಿ ಕ್ವೆಂಚಿಂಗ್ ಮತ್ತು ಹೀರುವಿಕೆ ಸುಲಭವಾಗಿ ಅದಲುಬದಲಾಗುತ್ತವೆ. ಟಾರ್ಚು ಆರಿದ ಮೇಲೆ ಹೊಳಪು ಉಳಿಯುವ ಕಾಲಾವಧಿ ಅಳೆದರೆ ಸುಳಿವು ಸಿಗುತ್ತದೆ: ಅಣುಗಳ ಡಿಕ್ಕಿಯಿಂದಾದ ಕ್ವೆಂಚಿಂಗ್‌ನಲ್ಲಿ ಅದು ಕಡಿಮೆಯಾಗುತ್ತದೆ, ಹೀರುವಿಕೆಯಲ್ಲಿ ಬದಲಾಗದು.

ಪಿಕ್ರಿಕ್ ಆಮ್ಲ ತಂದು ಪ್ರಯೋಗ ಮಾಡಲು ಹೋಗಬೇಡಿ. ಒಣಗಿದರೆ ಅದೇ ಸ್ಫೋಟಕ. ಕಾಲೇಜಿನ ಹಳೆಯ ಕಪಾಟಿನಲ್ಲಿ ಅದರ ಬಾಟಲಿ ಕಂಡು, ಮುಚ್ಚಳದ ಸುತ್ತ ಹಳದಿ ಹರಳು ಕಟ್ಟಿದ್ದರೆ ಮುಚ್ಚಳ ತಿರುಗಿಸಬೇಡಿ, ಬಾಟಲಿ ಸರಿಸಲೂ ಬೇಡಿ. ಕೋಣೆಗೆ ಬೀಗ ಹಾಕಿಸಿ, ಪ್ರಾಂಶುಪಾಲರ ಮೂಲಕ ಪೊಲೀಸರಿಗೆ ತಿಳಿಸಿ.