ಊರಿನ ಕೆರೆಯಿಂದ ಪಕ್ಷಿ ಅಧ್ಯಯನವನ್ನು ಆರಂಭಿಸುವ ಬಗೆ

ಪಕ್ಷಿಗಳ ಅಧ್ಯಯನ ಆರಂಭಿಸಲು ರಂಗನತಿಟ್ಟಿಗೋ ಕೊಕ್ಕರೆ ಬೆಳ್ಳೂರಿಗೋ ಹೋಗಲೇಬೇಕೆಂದಿಲ್ಲ. ಮನೆಯಿಂದ ನಡೆದು ತಲುಪಬಹುದಾದ ಕೆರೆಯೊಂದನ್ನು ಆರಿಸಿಕೊಂಡು, ವರ್ಷವಿಡೀ ಅದರ ಏರಿಯ ಮೇಲೆ ಓಡಾಡುವುದು ಹೊಸಬರಿಗೆ ಹೆಚ್ಚು ಕಲಿಸುತ್ತದೆ. ಪಕ್ಷಿಧಾಮದಲ್ಲಿ ಒಂದೇ ದಿನ ಹತ್ತಾರು ಹೊಸ ಹಕ್ಕಿಗಳು ಕಂಡು ಹೆಸರುಗಳೆಲ್ಲ ಕಲಸಿಹೋಗುತ್ತವೆ. ಊರಿನ ಕೆರೆಯಲ್ಲಾದರೋ ಅವೇ ಹಕ್ಕಿಗಳು ಮತ್ತೆ ಮತ್ತೆ ಸಿಗುವುದರಿಂದ, ಹೊಸದೊಂದು ಬಂದ ದಿನ ಅದು ತಾನಾಗಿಯೇ ಗಮನಕ್ಕೆ ಬರುತ್ತದೆ.

ಬೆಳಗಿನ ಮೊದಲ ಒಂದೆರಡು ಗಂಟೆ ಇದಕ್ಕೆ ಪ್ರಶಸ್ತ. ಸೂರ್ಯ ಬೆನ್ನ ಹಿಂದಿರುವಂತೆ ನಿಲ್ಲಬೇಕು, ಎದುರು ಬೆಳಕಿನಲ್ಲಿ ಹಕ್ಕಿಯ ಬಣ್ಣ ತಿಳಿಯುವುದಿಲ್ಲ. ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿಲಿಮೀಟರ್ ಮಸೂರದ ಬೈನಾಕ್ಯುಲರ್ ಸಾಕು. ಕ್ಯಾಮೆರಾವನ್ನು ಆರಂಭದಲ್ಲಿ ಮನೆಯಲ್ಲಿಯೇ ಬಿಡುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ. ಚಿತ್ರ ಸಿಕ್ಕ ಕೂಡಲೇ ನೋಡುವ ಕಣ್ಣು ವಿಶ್ರಮಿಸಿಬಿಡುತ್ತದೆ.

ಅಪರಿಚಿತ ಹಕ್ಕಿ ಕಂಡಾಗ ಮೊದಲು ಅದರ ಗಾತ್ರವನ್ನು ಗುಬ್ಬಿ, ಗೊರವಂಕ, ಕಾಗೆ ಅಥವಾ ಹದ್ದಿನೊಂದಿಗೆ ಹೋಲಿಸಿರಿ. ಬಳಿಕ ಕೊಕ್ಕಿನ ಆಕಾರ, ಕಾಲಿನ ಉದ್ದ, ಬಾಲ, ಕುಳಿತಿರುವ ಜಾಗ, ಮಾಡುತ್ತಿರುವ ಕೆಲಸ ಇವುಗಳನ್ನು ನೋಡಿ, ಬಣ್ಣವನ್ನು ಕೊನೆಗೆ ಪರಿಗಣಿಸಿರಿ. ಈ ಕ್ರಮ ಏಕೆ ಬೇಕೆಂಬುದನ್ನು ಬೆಳ್ಳಕ್ಕಿಗಳೇ ತೋರಿಸಿಕೊಡುತ್ತವೆ.

ಕೆರೆಯಂಗಳದಲ್ಲಿ ಬೆಳ್ಳಗೆ ಕಾಣುವುದೆಲ್ಲ ಒಂದೇ ಜಾತಿಯಲ್ಲ. ದನಗಳ ಹಿಂದೆ, ಈಗೀಗ ಟ್ರ್ಯಾಕ್ಟರಿನ ಹಿಂದೆಯೂ, ಹುಳುಹುಪ್ಪಟೆ ಹೆಕ್ಕುತ್ತಾ ನಡೆಯುವ, ಗಿಡ್ಡ ಹಳದಿ ಕೊಕ್ಕಿನದು ಗೋವಕ್ಕಿ. ಕಪ್ಪು ಕೊಕ್ಕು, ಕಪ್ಪು ಕಾಲು, ಆದರೆ ಹಳದಿ ಪಾದವುಳ್ಳದ್ದು ಸಣ್ಣ ಬೆಳ್ಳಕ್ಕಿ; ಅದು ಆಳವಿಲ್ಲದ ನೀರಿನಲ್ಲಿ ಪಾದದಿಂದ ಕೆಸರನ್ನು ಕದಡಿ ಮೀನನ್ನು ಎಬ್ಬಿಸುವುದನ್ನು ಕಾಣಬಹುದು. ದೊಡ್ಡ ಬೆಳ್ಳಕ್ಕಿಗೂ ಮಧ್ಯಮ ಗಾತ್ರದ್ದಕ್ಕೂ ಇರುವ ವ್ಯತ್ಯಾಸ ಹೆಚ್ಚು ಸೂಕ್ಷ್ಮವಾದುದು: ಬಾಯಿಯ ಸೀಳು ಕಣ್ಣನ್ನು ದಾಟಿ ಹಿಂದೆ ಹೋಗಿದ್ದರೆ ದೊಡ್ಡದು, ಕಣ್ಣಿನ ಕೆಳಗೇ ನಿಂತಿದ್ದರೆ ಮಧ್ಯಮದ್ದು. ಕೊಕ್ಕಿನ ಬಣ್ಣವನ್ನಷ್ಟೇ ನಂಬಿದವರು ಇಲ್ಲಿ ಎಡವುತ್ತಾರೆ, ಏಕೆಂದರೆ ಹಳದಿಯಾಗಿರುವ ದೊಡ್ಡ ಬೆಳ್ಳಕ್ಕಿಯ ಕೊಕ್ಕು ಮರಿಮಾಡುವ ಕಾಲದಲ್ಲಿ ಕಪ್ಪಾಗುತ್ತದೆ. ಅದೇ ಕಾಲದಲ್ಲಿ ಗೋವಕ್ಕಿಯ ತಲೆ, ಕುತ್ತಿಗೆ ಮತ್ತು ಬೆನ್ನಿಗೆ ಕಿತ್ತಳೆ ಬಣ್ಣ ಬರುತ್ತದೆ.

ಋತುವಿನೊಂದಿಗೆ ಹಕ್ಕಿಗಳೂ ಬದಲಾಗುತ್ತವೆ. ತಂತಿಯ ಮೇಲೆ ಕೂರುವ ಕರಿ ಕಾಜಾಣ ವರ್ಷವಿಡೀ ಇಲ್ಲಿಯೇ ಇದ್ದರೆ, ಕೆಂಪು ಕಣ್ಣಿನ ಬೂದು ಕಾಜಾಣ ಚಳಿಗಾಲಕ್ಕೆ ಉತ್ತರದಿಂದ ಬಂದು ಮರಗಳ ನಡುವೆ ಬೇಟೆಯಾಡುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುವುದೂ ಚಳಿಗಾಲದಲ್ಲಿಯೇ. ಇಂಥ ಬಂದುಹೋಗುವಿಕೆ ತಿಳಿಯಬೇಕಾದರೆ ದಿನಾಂಕ, ಸಮಯ, ಸ್ಥಳ, ಜಾತಿ ಮತ್ತು ಸಂಖ್ಯೆಯನ್ನು ಅಲ್ಲಿಯೇ ಟಿಪ್ಪಣಿ ಪುಸ್ತಕದಲ್ಲಿ ಬರೆಯಬೇಕು. ಹೆಸರು ಖಚಿತವಾಗದಿದ್ದರೆ ಊಹಿಸಿ ಬರೆಯದೆ, ಕಂಡ ಲಕ್ಷಣಗಳನ್ನಷ್ಟೇ ದಾಖಲಿಸಿರಿ. ಆ ಪಟ್ಟಿಯನ್ನು ಇ-ಬರ್ಡ್ ಜಾಲತಾಣಕ್ಕೂ ಸೇರಿಸಿದರೆ, ನಿಮ್ಮ ಕೆರೆಯ ಮಾಹಿತಿ ಸಂಶೋಧಕರಿಗೂ ದೊರೆಯುತ್ತದೆ. ಕಾಣಿಸಿದ ಸಾಮಾನ್ಯ ಕಾಗೆ, ಗೊರವಂಕಗಳನ್ನೂ ಬಿಡದೆ ಸೇರಿಸುವುದು ಅಲ್ಲಿ ಬಹಳ ಮುಖ್ಯ.

ಧ್ವನಿಮುದ್ರಿತ ಕೂಗನ್ನು ಕೇಳಿಸಿ ಹಕ್ಕಿಯನ್ನು ಹತ್ತಿರ ಕರೆಯುವುದನ್ನು ನಾನು ಒಪ್ಪುವುದಿಲ್ಲ. ಗಡಿ ಕಾಯುವ ಗಂಡು ಎದುರಾಳಿ ಬಂದನೆಂದು ತಿಳಿದು ಮೇವನ್ನು ಬಿಟ್ಟು ಕಾದಾಟಕ್ಕೆ ನಿಲ್ಲುತ್ತದೆ. ಗೂಡಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಟಿಟ್ಟಿಭ ಬರಿನೆಲದ ಮೇಲೆ, ಕಲ್ಲುಮಣ್ಣಿನೊಂದಿಗೆ ಬೆರೆತುಹೋಗುವ ಮೊಟ್ಟೆಗಳನ್ನಿಡುತ್ತದೆ. ಬಿಸಿಲು ಹೆಚ್ಚಿದಾಗ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಅವನ್ನು ತಂಪಾಗಿರಿಸುತ್ತದೆ. ಅದು ನಿಮ್ಮ ತಲೆಯ ಮೇಲೆ ಅರಚುತ್ತಾ ಸುತ್ತಿದರೆ, ಮುಂದೆ ಹೆಜ್ಜೆಯಿಡದೆ, ನೆಲವನ್ನು ನೋಡುತ್ತಾ ಬಂದ ದಾರಿಯಲ್ಲಿಯೇ ಹಿಂದಿರುಗಿರಿ. ಆ ಜಾಗದ ಗುರುತನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿರಿ.